ನವೆಂಬರ್ 9ಕ್ಕೆ ಆಟೋ ಸ್ಟ್ಯಾಂಡಿನಲ್ಲಿ ಶಂಕ್ರಣ್ಣನ ಹುಟ್ಟುಹಬ್ಬ: ತಯಾರಿ ಹೇಗೆ ಮಾಡಬೇಕು?

ಅಕ್ಟೋಬರ್ ಅರ್ಧ ಕಳೆಯಿತು ಅಂದರೆ ಬೆಂಗಳೂರಿನ ಆಟೋ ಸ್ಟ್ಯಾಂಡುಗಳಲ್ಲಿ ಎರಡು ಮಾತು ಶುರುವಾಗುತ್ತದೆ. ರಾಜ್ಯೋತ್ಸವ ಯಾವತ್ತು ಇಟ್ಟುಕೊಳ್ಳೋಣ ಅನ್ನುವುದು ಒಂದು. ಶಂಕ್ರಣ್ಣನ ಹುಟ್ಟುಹಬ್ಬಕ್ಕೆ ಈ ಸಲ ಏನು ಮಾಡೋಣ ಅನ್ನುವುದು ಇನ್ನೊಂದು. ಹೊರಗಿನವರಿಗೆ ಅವರು ಶಂಕರ್ ನಾಗ್. ನಮಗೆ ಮಾತ್ರ ಶಂಕ್ರಣ್ಣ.

ನಮ್ಮ ಸ್ಟ್ಯಾಂಡಿನಲ್ಲಿ 20 ಗಾಡಿ ಇವೆ. ಚಂದಾ ಲೆಕ್ಕ ಬರೆಯುವ ಕೆಲಸ ನನ್ನದು. ಪ್ರತಿ ವರ್ಷ ಏನಾದರೊಂದು ಎಡವಟ್ಟು ಆಗಿ, ಅದರಿಂದ ಕಲಿತದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಮೊದಲ ಸಲ ಮಾಡುವವರಿಗೆ ಉಪಯೋಗ ಆಗಬಹುದು.

ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ನಮ್ಮಲ್ಲಿ ಅರ್ಧಕ್ಕರ್ಧ ಹುಡುಗರು 1990 ಆದಮೇಲೆ ಹುಟ್ಟಿದವರು. ಗಾಡಿ ಹಿಂದೆ ಶಂಕ್ರಣ್ಣನ ಫೋಟೋ ಇದೆ, ಕೆಲವರ ಕೈಮೇಲೆ ಹಚ್ಚೆಯೂ ಇದೆ. ಆದರೆ ಅವರು ಏನೇನು ಮಾಡಿದರು ಅಂತ ಕೇಳಿದರೆ ಎರಡು ಹಾಡು, ಒಂದು ಫೈಟು, ಅಷ್ಟೇ. ಅದು ಹುಡುಗರ ತಪ್ಪಲ್ಲ. ಹೂವಿನ ಹಾರ ಹಾಕಿ, ಪಟಾಕಿ ಹೊಡೆದು ಮುಗಿಸಿದರೆ ಅವರಿಗೆ ಗೊತ್ತಾಗುವುದಾದರೂ ಹೇಗೆ? ಹಾಗಾಗಿ ನಾನು ಖರ್ಚಿನ ಪಟ್ಟಿ ಹಾಕುವಾಗ ಹೂವಿಗಿಂತ ಮೊದಲು ಒಂದು ಪ್ಲೈವುಡ್ ಹಲಗೆ ಬರೆಯುತ್ತೇನೆ. ಅದು ಯಾಕೆ ಅಂತ ಮುಂದೆ ಹೇಳುತ್ತೇನೆ.

ದಿನ ಮತ್ತು ಹೊತ್ತು

ಹುಟ್ಟಿದ ದಿನ ನವೆಂಬರ್ 9, 1954. ಇದನ್ನು ಭಾನುವಾರಕ್ಕೆ ಎಳೆಯಬೇಡಿ. ರಾಜ್ಯೋತ್ಸವವನ್ನು ನವೆಂಬರ್ ತಿಂಗಳು ಪೂರ್ತಿ ಯಾವತ್ತು ಬೇಕಾದರೂ ಮಾಡುತ್ತಾರೆ, ಆದರೆ ಹುಟ್ಟುಹಬ್ಬ ಅವತ್ತೇ ಆಗಬೇಕು. ದುಡ್ಡು ಕಮ್ಮಿ ಇದ್ದರೆ ಎರಡನ್ನೂ ಸೇರಿಸಿ 9ಕ್ಕೇ ಇಟ್ಟುಕೊಳ್ಳಿ. ಒಂದೇ ಶಾಮಿಯಾನ, ಒಂದೇ ಮೈಕ್ ಸೆಟ್, ಖರ್ಚು ಅರ್ಧ. ಭುವನೇಶ್ವರಿ ಫೋಟೋ ಪಕ್ಕದಲ್ಲಿ ಶಂಕ್ರಣ್ಣನ ಫೋಟೋ ಇಟ್ಟರೆ ಯಾರೂ ಬೇಡ ಅನ್ನುವುದಿಲ್ಲ.

ಹೊತ್ತಿನ ವಿಷಯದಲ್ಲಿ ನಾವು ಮೊದಲೆರಡು ವರ್ಷ ತಪ್ಪು ಮಾಡಿದೆವು. ಸಂಜೆ 6ಕ್ಕೆ ಇಟ್ಟುಕೊಂಡೆವು. ಅದು ಬಾಡಿಗೆ ಸಿಗುವ ಹೊತ್ತು. ಜನ ಆಟೋ ಕೇಳಿಕೊಂಡು ಬರುತ್ತಾರೆ, ಇವರು ಕುರ್ಚಿ ಜೋಡಿಸುತ್ತಾ ನಿಂತಿರುತ್ತಾರೆ. ಬೈಸಿಕೊಂಡಿದ್ದೂ ಆಯಿತು, ಸಂಪಾದನೆ ಹೋಗಿದ್ದೂ ಆಯಿತು. ಈಗ ಬೆಳಗ್ಗೆ 7ಕ್ಕೆ ಪೂಜೆ, ನಂತರ ಎಲ್ಲರೂ ಗಾಡಿ ತೆಗೆದುಕೊಂಡು ಹೋಗುತ್ತಾರೆ. ಮತ್ತೆ 11ರಿಂದ 3ರವರೆಗೆ ಕಾರ್ಯಕ್ರಮ, ಊಟ. ಸಂಜೆ ಬಾಡಿಗೆಗೆ ವಾಪಸ್.

ನವೆಂಬರ್‌ನಲ್ಲಿ ಬೆಂಗಳೂರಿನಲ್ಲಿ ಮಳೆ ಬರುವುದು ಹೊಸದೇನಲ್ಲ. ಶಾಮಿಯಾನದ ಬಟ್ಟೆ ನೀರು ತಡೆಯುವುದಿಲ್ಲ. ಬಾಡಿಗೆಗೆ ತರುವಾಗ ಮೇಲೆ ಟಾರ್ಪಾಲ್ ಬೇಕು ಅಂತ ಮೊದಲೇ ಹೇಳಿ.

ಚಂದಾ

ರಸೀದಿ ಪುಸ್ತಕ ಮಾಡಿಸಿ, ನಂಬರ್ ಇರುವಂಥದ್ದು. ಗಾಡಿಗೆ 300 ರೂಪಾಯಿ ಅಂದರೆ ನಮ್ಮಲ್ಲಿ 6,000 ಆಗುತ್ತದೆ. ದಿನಕ್ಕೆ 10 ರೂಪಾಯಿಯಂತೆ ಅಕ್ಟೋಬರ್ 10ರಿಂದ ಎತ್ತಿಟ್ಟರೆ ಯಾರಿಗೂ ಭಾರ ಅನ್ನಿಸುವುದಿಲ್ಲ. ಸುತ್ತಲಿನ ಅಂಗಡಿಯವರು ತಾವಾಗಿ ಕೊಟ್ಟರೆ ತೆಗೆದುಕೊಳ್ಳಿ. ನಾಲ್ಕು ಜನ ಗುಂಪಾಗಿ ಹೋಗಿ ಅಂಗಡಿ ಮುಂದೆ ನಿಲ್ಲಬೇಡಿ. ಹಾಗೆ ನಿಂತರೆ ಅದು ಕೇಳಿದ ಹಾಗೆ ಆಗುವುದಿಲ್ಲ, ಹೆದರಿಸಿದ ಹಾಗೆ ಆಗುತ್ತದೆ. ದಿನಾ ಟೀ ಕುಡಿಯುವುದು ಅದೇ ಅಂಗಡಿಯಲ್ಲಿ, ಅಲ್ವಾ?

ಪೊಲೀಸ್ ಠಾಣೆಗೆ ಒಂದು ಅರ್ಜಿ

ಇದನ್ನು ಬಹಳ ಸ್ಟ್ಯಾಂಡಿನವರು ಬಿಟ್ಟೇಬಿಡುತ್ತಾರೆ. ಮೈಕ್ ಹಾಕಲು ಲಿಖಿತ ಅನುಮತಿ ಬೇಕು. ಹತ್ತು ದಿನ ಮೊದಲೇ ಠಾಣೆಗೆ ಅರ್ಜಿ ಕೊಡಿ. ಜಾಗ, ಹೊತ್ತು, ಎಷ್ಟು ಜನ ಸೇರುತ್ತಾರೆ, ಜವಾಬ್ದಾರಿ ಯಾರದು, ಇಷ್ಟು ಬರೆದರೆ ಸಾಕು. ರಸ್ತೆಯ ಅಂಚು ಬಳಸುವುದಾದರೆ ಟ್ರಾಫಿಕ್ ಠಾಣೆಗೂ ಒಂದು ಪ್ರತಿ ಕೊಡಿ. ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಧ್ವನಿವರ್ಧಕ ಹಾಕುವ ಹಾಗಿಲ್ಲ. ಆಸ್ಪತ್ರೆ, ಶಾಲೆ, ಕೋರ್ಟಿನ ಸುತ್ತ 100 ಮೀಟರ್ ಒಳಗೆ ಹಗಲಿನಲ್ಲೂ ಇಲ್ಲ. ನಮ್ಮ ಸ್ಟ್ಯಾಂಡಿನಿಂದ ಶಾಲೆ ಎಷ್ಟು ದೂರ ಅಂತ ನಾವು ನಡೆದು ಹೆಜ್ಜೆ ಎಣಿಸಿ ನೋಡಿದ್ದೇವೆ. ಸ್ಪೀಕರ್ ಡಬ್ಬಗಳನ್ನು ಶಾಲೆಗೆ ಬೆನ್ನು ಮಾಡಿ ಕಟ್ಟುತ್ತೇವೆ.

ಬ್ಯಾನರ್ ಮತ್ತು ಫೋಟೋ

ಬೆಂಗಳೂರಿನಲ್ಲಿ 2018ರಿಂದ ಫ್ಲೆಕ್ಸ್ ಮೇಲೆ ನಿಷೇಧ ಇದೆ. ಆದರೂ ಹಾಕುವವರು ಹಾಕುತ್ತಾರೆ, ಪಾಲಿಕೆಯವರು ಬಂದು ಕಿತ್ತುಕೊಂಡು ಹೋಗುತ್ತಾರೆ. ದುಡ್ಡು ದಂಡ. ಬಟ್ಟೆ ಬ್ಯಾನರ್ ಬರೆಸಿ. ಅದನ್ನೂ ರಸ್ತೆಗೆ ಅಡ್ಡ ಕಟ್ಟಬೇಡಿ, ಶಾಮಿಯಾನದ ಒಳಗೆ ಕಟ್ಟಿ. ಹಳೇ ಪೇಂಟರುಗಳು ಇನ್ನೂ ಇದ್ದಾರೆ. ಆಟೋ ಹಿಂದೆ ಹೆಸರು ಬರೆಯುವವರನ್ನು ಕೇಳಿದರೆ ಅವರೇ ಬರೆದುಕೊಡುತ್ತಾರೆ. ಆ ಅಕ್ಷರದ ಅಂದ ಕಂಪ್ಯೂಟರಿನಲ್ಲಿ ಬರುವುದಿಲ್ಲ.

ಫೋಟೋ ವಿಷಯದಲ್ಲಿ ನಮಗಾದ ಅವಮಾನ ಹೇಳಲೇಬೇಕು. ಒಂದು ವರ್ಷ ಫೋಟೋ ದೊಡ್ಡದು ಮಾಡಿಸಲು ಒಬ್ಬ ಹುಡುಗನನ್ನು ಪ್ರಿಂಟಿಂಗ್ ಅಂಗಡಿಗೆ ಕಳಿಸಿದೆವು. ಅಂಗಡಿಯವನು ಇಂಟರ್ನೆಟ್‌ನಲ್ಲಿ ಹುಡುಕಿ, ಸಿಕ್ಕಿದ್ದನ್ನು ಪ್ರಿಂಟ್ ಹಾಕಿಕೊಟ್ಟ. ಹುಡುಗ ನೋಡದೆ ಸುಮ್ನೆ ಸುತ್ತಿಕೊಂಡು ತಂದ. ಬೆಳಗ್ಗೆ ಬಿಚ್ಚಿ ಗೋಡೆಗೆ ಹಾಕಿ, ಹಾರ ಹಾಕಲು ಹೋದಾಗ ನಮ್ಮ ಹಿರಿಯ ಡ್ರೈವರ್ ಒಬ್ಬರು ಕೈ ಹಿಡಿದು ನಿಲ್ಲಿಸಿದರು. "ಏಯ್, ಇದು ಅನಂತ್ ನಾಗ್ ಕಣ್ರೋ!" ಅಣ್ಣ ತಮ್ಮ, ಹೋಲಿಕೆ ಇದೆ, ನಿಜ. ಆದರೆ ಬದುಕಿರುವವರ ಫೋಟೋಗೆ ಹಾರ ಹಾಕಿ ಊದುಬತ್ತಿ ಹಚ್ಚುವುದರಲ್ಲಿದ್ದೆವು. ಆಮೇಲೆ ಒಬ್ಬನ ಗಾಡಿಯ ಹಿಂದಿನ ಸ್ಟಿಕರಿಗೇ ಆ ಗಾಡಿ ನಿಲ್ಲಿಸಿ ಪೂಜೆ ಮಾಡಿದೆವು. ಈಗ ಕಟ್ಟು ಹಾಕಿಸಿದ ಒಂದು ಫೋಟೋ ನಮ್ಮದೇ ಇದೆ. ಖಾಕಿ ಅಂಗಿ, ನಗುಮುಖ. ನೀವೂ ಒಂದು ಸಲ ಖರ್ಚು ಮಾಡಿ ಮಾಡಿಸಿಟ್ಟುಕೊಳ್ಳಿ. ಪ್ರಿಂಟ್ ತರಲು ಐವತ್ತು ದಾಟಿದವರನ್ನು ಕಳಿಸಿ.

ಕಟೌಟ್ ಬೇಡ

ಹುಡುಗರು ಇದಕ್ಕೆ ಒಪ್ಪುವುದಿಲ್ಲ, ಗೊತ್ತು. ಆದರೂ ಬೇಡ. 2024ರ ಜನವರಿ 8ರಂದು ಗದಗ ಜಿಲ್ಲೆಯ ಸೂರಣಗಿಯಲ್ಲಿ ನಟರೊಬ್ಬರ ಹುಟ್ಟುಹಬ್ಬಕ್ಕೆ ರಾತ್ರಿ ಕಟೌಟ್ ನಿಲ್ಲಿಸುವಾಗ ಕರೆಂಟ್ ತಗುಲಿ ಮೂವರು ಹುಡುಗರು ಹೋದರು. ಕಟೌಟಿಗೆ ಕಬ್ಬಿಣದ ಚೌಕಟ್ಟು ಇರುತ್ತದೆ. ಎತ್ತುವಾಗ ಒಂದು ಕಡೆ ವಾಲಿದರೆ ತಂತಿ ಎಲ್ಲಿದೆ ಅಂತ ಯಾರೂ ನೋಡುವುದಿಲ್ಲ. ಧ್ವಜದ ಕಂಬ, ಸೀರಿಯಲ್ ಸೆಟ್ಟು, ತೋರಣ ಯಾವುದೇ ಇರಲಿ, ಹಗಲಿನಲ್ಲೇ ಕಟ್ಟಿ. ತಲೆ ಮೇಲೆ ತಂತಿ ಹಾದುಹೋಗಿದ್ದರೆ ಜಾಗವನ್ನೇ ಬದಲಿಸಿ. ಬೀದಿ ದೀಪದ ಕಂಬದಿಂದ ಕರೆಂಟ್ ಎಳೆಯುವುದು ಕಳ್ಳತನ, ಜೊತೆಗೆ ಅಪಾಯ. ಪಕ್ಕದ ಅಂಗಡಿಯಿಂದ ತೆಗೆದುಕೊಂಡು ದುಡ್ಡು ಕೊಟ್ಟುಬಿಡಿ.

ಹನ್ನೆರಡು ವರ್ಷದ ಬೋರ್ಡು

ಈಗ ಆ ಪ್ಲೈವುಡ್ ಹಲಗೆಗೆ ಬರೋಣ. ಎಂಟಡಿ ಉದ್ದ, ನಾಲ್ಕಡಿ ಅಗಲದ ಒಂದು ಹಲಗೆ. ಮೇಲೆ ಹಳದಿ ಬಣ್ಣ. ಅದರ ಮೇಲೆ 1978ರಿಂದ 1990ರವರೆಗೆ ಒಂದು ಗೆರೆ ಎಳೆಯಿರಿ. ನೋಡಲು ಬಸ್ ರೂಟಿನ ಥರ ಇರಬೇಕು, ಒಂದೊಂದು ಸ್ಟಾಪಿಗೆ ಒಂದೊಂದು ಸಿನಿಮಾ. ಈ ಯೋಚನೆ ಕೊಟ್ಟವನು ನಮ್ಮಲ್ಲೇ ಒಬ್ಬ, ಮೊದಲು ಬಿಎಂಟಿಸಿಯಲ್ಲಿ ಇದ್ದವನು.

ಅವರು ನಟಿಸಿದ್ದು ಸುಮಾರು 80 ಸಿನಿಮಾ. ಅಷ್ಟೂ ಬರೆಯಲು ಹೋದರೆ ಯಾರೂ ಓದುವುದಿಲ್ಲ. ಏಳೆಂಟು ಸ್ಟಾಪ್ ಸಾಕು. ನಾವು ಆರಿಸಿಕೊಂಡದ್ದು ಹೀಗಿದೆ.

ಮೊದಲ ಸ್ಟಾಪ್ 1978, 'ಒಂದಾನೊಂದು ಕಾಲದಲ್ಲಿ'. ನಿರ್ದೇಶನ ಗಿರೀಶ್ ಕಾರ್ನಾಡ್. ಕೂಲಿಗೆ ಯುದ್ಧ ಮಾಡುವ ಯೋಧನ ಪಾತ್ರ. ಭಾರತದ ಅಂತರರಾಷ್ಟ್ರೀಯ ಚಿತ್ರೋತ್ಸವದಲ್ಲಿ ಶ್ರೇಷ್ಠ ನಟ ಪ್ರಶಸ್ತಿ ತಂದುಕೊಟ್ಟದ್ದು ಇದೇ. 'ಕರಾಟೆ ಕಿಂಗ್' ಅಂತ ಜನ ಕರೆಯುವ ಮೊದಲು ಅವರ ಕೈಯಲ್ಲಿ ಇದ್ದದ್ದು ಕತ್ತಿ. ಇದನ್ನು ಹೇಳಿದಾಗ ಹುಡುಗರು ನಿಜವಾಗಿಯೂ ಬಾಯಿ ಬಿಟ್ಟುಕೊಂಡು ಕೇಳಿದರು.

ಎರಡನೇ ಸ್ಟಾಪ್ 1980. ಇಲ್ಲಿ ಎರಡು ಹೆಸರು ಬರೆಯಿರಿ. ಒಂದು 'ಮಿಂಚಿನ ಓಟ', ಅವರು ನಿರ್ದೇಶಿಸಿದ ಮೊದಲ ಸಿನಿಮಾ. ಇನ್ನೊಂದು 'ಆಟೋ ರಾಜ'. ಖಾಕಿ ಹಾಕಿಕೊಂಡು ಮೀಟರ್ ಕೆಳಗೆ ಮಾಡಿದ ಹೀರೋ. ನಮ್ಮ ಕೆಲಸಕ್ಕೆ ಪರದೆ ಮೇಲೆ ಒಂದು ಘನತೆ ಸಿಕ್ಕಿತು ಅಂತ ಹಿರಿಯರು ಈಗಲೂ ಹೇಳುತ್ತಾರೆ. ಅದರ 'ನಲಿವಾ ಗುಲಾಬಿ ಹೂವೇ' ಹಾಡಿನ ಸಂಗೀತ ರಾಜನ್-ನಾಗೇಂದ್ರ ಅವರದು. ಕೆಲವರು ಇಳಯರಾಜ ಅಂತ ವಾದ ಮಾಡುತ್ತಾರೆ. ಇಳಯರಾಜ ಸಂಗೀತ ಕೊಟ್ಟದ್ದು ಮುಂದಿನ ವರ್ಷದ 'ಗೀತಾ'ಕ್ಕೆ. ಬೋರ್ಡಿನಲ್ಲಿ ಬರೆದಿದ್ದರೆ ಜಗಳ ಅಲ್ಲೇ ಮುಗಿಯುತ್ತದೆ.

1985ರ 'ಆಕ್ಸಿಡೆಂಟ್' ಮಾತ್ರ ದೊಡ್ಡ ಅಕ್ಷರದಲ್ಲಿ ಇರಲಿ. ನಶೆಯಲ್ಲಿ ಕಾರು ಓಡಿಸಿದ ದೊಡ್ಡ ಮನೆಯ ಹುಡುಗ ಫುಟ್‌ಪಾತ್ ಮೇಲೆ ಮಲಗಿದ್ದವರ ಮೇಲೆ ಹರಿಸಿಬಿಡುತ್ತಾನೆ, ಅಪ್ಪ ಅದನ್ನು ಮುಚ್ಚಿಹಾಕಲು ನೋಡುತ್ತಾನೆ. ನಿರ್ದೇಶನ ಅವರದೇ, ರಾಷ್ಟ್ರಪ್ರಶಸ್ತಿಯೂ ಬಂತು. ಹಗಲೂ ರಾತ್ರಿ ರಸ್ತೆ ಮೇಲೇ ಇರುವ ನಮ್ಮಂಥವರು ನೋಡಲೇಬೇಕಾದ ಸಿನಿಮಾ. ಐದು ವರ್ಷ ಆದಮೇಲೆ ಶಂಕ್ರಣ್ಣನೇ ರಸ್ತೆ ಅಪಘಾತದಲ್ಲಿ ಹೋದರು. ಬೋರ್ಡಿನ ಮುಂದೆ ನಿಂತವರು ಈ ಎರಡು ಸ್ಟಾಪ್ ಓದಿ ಸ್ವಲ್ಪ ಹೊತ್ತು ಮಾತಾಡುವುದಿಲ್ಲ. ನಾನು ಗಮನಿಸಿದ್ದೇನೆ.

ಅದರ ಪಕ್ಕದಲ್ಲಿ 'ಮಾಲ್ಗುಡಿ ಡೇಸ್'. ಆರ್.ಕೆ. ನಾರಾಯಣ್ ಕಥೆಗಳು, ದೂರದರ್ಶನದಲ್ಲಿ ಬಂದ ಧಾರಾವಾಹಿ, ಚಿತ್ರೀಕರಣ ಆಗುಂಬೆಯಲ್ಲಿ. ಆ ರಾಗ ಮೊಬೈಲಿನಲ್ಲಿ ಹಾಕಿದರೆ ಎಲ್ಲರೂ ಗುರುತು ಹಿಡಿಯುತ್ತಾರೆ. ನಿರ್ದೇಶಕ ಯಾರು ಅಂದರೆ ಹುಡುಗರಿಗೆ ಗೊತ್ತಿರುವುದಿಲ್ಲ. 1987ಕ್ಕೆ 'ಒಂದು ಮುತ್ತಿನ ಕಥೆ' ಬರೆಯಿರಿ. ಡಾ. ರಾಜ್‌ಕುಮಾರ್ ಅವರನ್ನು ನಮ್ಮ ಶಂಕ್ರಣ್ಣ ನಿರ್ದೇಶನ ಮಾಡಿದ್ದು. ರಾಜಣ್ಣನ ಅಭಿಮಾನಿಗಳೂ ಶಂಕ್ರಣ್ಣನ ಅಭಿಮಾನಿಗಳೂ ಒಂದೇ ಸ್ಟ್ಯಾಂಡಿನಲ್ಲಿ ಇದ್ದರೆ ಈ ಸ್ಟಾಪ್ ಬಹಳ ಉಪಯೋಗಕ್ಕೆ ಬರುತ್ತದೆ.

1988 'ಸಾಂಗ್ಲಿಯಾನ', 1989 'ಸಿಬಿಐ ಶಂಕರ್'. ಇವುಗಳ ಬಗ್ಗೆ ಜಾಸ್ತಿ ಬರೆಯುವುದೇ ಬೇಡ, ಫೈಟುಗಳು ಎಲ್ಲರಿಗೂ ಬಾಯಿಪಾಠ. ಸಾಂಗ್ಲಿಯಾನ ಅನ್ನುವುದು ನಿಜವಾದ ಐಪಿಎಸ್ ಅಧಿಕಾರಿಯೊಬ್ಬರ ಹೆಸರು ಅಂತ ಒಂದು ಸಾಲು ಸೇರಿಸಿ.

ಕೊನೆಯ ಸ್ಟಾಪ್, ಸೆಪ್ಟೆಂಬರ್ 30, 1990. ದಾವಣಗೆರೆ ಹತ್ತಿರ ಆನಗೋಡು. ವಯಸ್ಸು 35.

ಗೆರೆ ಅಲ್ಲಿಗೆ ನಿಲ್ಲಿಸಬೇಡಿ. ಚುಕ್ಕಿ ಚುಕ್ಕಿ ಹಾಕಿ ಮುಂದಕ್ಕೆ ಎಳೆಯಿರಿ. 2004ರಲ್ಲಿ ಜೆ.ಪಿ. ನಗರದಲ್ಲಿ ಅವರ ಹೆಂಡತಿ ಅರುಂಧತಿ ನಾಗ್ ಶುರುಮಾಡಿದ ನಾಟಕದ ಮಂದಿರ ರಂಗಶಂಕರ ಒಂದು. ಮೆಟ್ರೋ ಇನ್ನೊಂದು. ಬೆಂಗಳೂರಿಗೆ ಮೆಟ್ರೋ ಬೇಕು ಅಂತ ಶಂಕ್ರಣ್ಣ ಆ ಕಾಲಕ್ಕೇ ಓಡಾಡಿದ್ದರು. 2011ರ ಅಕ್ಟೋಬರ್‌ನಲ್ಲಿ ಮೊದಲ ಮೆಟ್ರೋ ಓಡಿದ್ದು ಬೈಯಪ್ಪನಹಳ್ಳಿಯಿಂದ ಎಂ.ಜಿ. ರಸ್ತೆಗೆ. ಅವರ ಹೆಸರಿನ ಚಿತ್ರಮಂದಿರ ಇರುವುದೂ ಎಂ.ಜಿ. ರಸ್ತೆಯಲ್ಲೇ. ಮೆಟ್ರೋ ಬಂದು ನಮ್ಮ ದೂರದ ಬಾಡಿಗೆ ಹೋಯಿತು ಅಂತ ದಿನಾ ಗೊಣಗುವ ನಮ್ಮ ಹುಡುಗನೊಬ್ಬ ಇದನ್ನು ಓದಿ, "ಹಂಗಾದ್ರೆ ನಮ್ಮಣ್ಣನೇ ತಂದಿಟ್ಟಿದ್ದಾ?" ಅಂದ. ಎಲ್ಲರೂ ನಕ್ಕೆವು. ಆದರೆ ಅವತ್ತಿನಿಂದ ಅವನ ಬೈಗುಳ ಸ್ವಲ್ಪ ಕಮ್ಮಿಯಾಗಿದೆ.

ಬೋರ್ಡ್ ಬರೆಯುವ ಕೆಲಸ ಹಿರಿಯರಿಗೆ ಕೊಡಬೇಡಿ. ಸ್ಟ್ಯಾಂಡಿನಲ್ಲಿ ಎಲ್ಲರಿಗಿಂತ ಚಿಕ್ಕವನು ಯಾರೋ ಅವನ ಕೈಗೆ ಕುಂಚ ಕೊಡಿ. ಹಿರಿಯರು ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಹೇಳಲಿ. ಒಬ್ಬರು ಇಸವಿ ಹೇಳುತ್ತಾರೆ, ಇನ್ನೊಬ್ಬರು ಅದಲ್ಲ ಅನ್ನುತ್ತಾರೆ, ಯಾವ ಟಾಕೀಸಿನಲ್ಲಿ ನೋಡಿದೆ ಅಂತ ಶುರುವಾಗುತ್ತದೆ. ನಿಜ ಹೇಳಬೇಕೆಂದರೆ ನನಗೆ ಹಬ್ಬದ ದಿನಕ್ಕಿಂತ ಆ ಸಂಜೆಯೇ ಇಷ್ಟ.

ರಕ್ತದಾನ ಇಡುವುದಾದರೆ

ಪರವಾನಗಿ ಇರುವ ರಕ್ತನಿಧಿಗೆ ಮೂರು ವಾರ ಮೊದಲೇ ಹೇಳಿ. ಎಷ್ಟು ಜನ ಕೊಡಬಹುದು ಅಂತ ಅವರು ಕೇಳುತ್ತಾರೆ. 18ರಿಂದ 65 ವರ್ಷದೊಳಗಿನವರು, ತೂಕ 45 ಕೆ.ಜಿ. ಮೇಲೆ, ಹಿಮೋಗ್ಲೋಬಿನ್ 12.5ಕ್ಕೆ ಕಮ್ಮಿ ಇರಬಾರದು. ಒಂದು ಸಲ ಕೊಟ್ಟ ಗಂಡಸರು ಮತ್ತೆ ಕೊಡಲು ಮೂರು ತಿಂಗಳು, ಹೆಂಗಸರು ನಾಲ್ಕು ತಿಂಗಳು ಕಾಯಬೇಕು. ಹಿಂದಿನ ರಾತ್ರಿ ಕುಡಿದವರು ಬರಬೇಡಿ ಅಂತ ಗ್ರೂಪಿನಲ್ಲಿ ಖಡಕ್ಕಾಗಿ ಹಾಕಿ.

ಒಂದು ತಮಾಷೆ ಇದೆ. ಹಚ್ಚೆ ಹಾಕಿಸಿಕೊಂಡವರು ಒಂದು ವರ್ಷ ರಕ್ತ ಕೊಡುವ ಹಾಗಿಲ್ಲ. ಹುಟ್ಟುಹಬ್ಬ ಅಂತ ಅಕ್ಟೋಬರ್‌ನಲ್ಲಿ ಶಂಕ್ರಣ್ಣನ ಮುಖ ಹಚ್ಚೆ ಹಾಕಿಸಿಕೊಂಡ ಹುಡುಗ ಎಲ್ಲರಿಗಿಂತ ಮೊದಲು ಸಾಲಿನಲ್ಲಿ ನಿಂತಿದ್ದ. ನರ್ಸಮ್ಮ ಅವನ ತೋಳು ನೋಡಿ, ಮುಂದಿನ ವರ್ಷ ಬಾಪ್ಪ ಅಂತ ಕಳಿಸಿದರು. ಇದನ್ನು ಮೊದಲೇ ಹೇಳಿಬಿಡಿ.

ರಕ್ತ ಕೊಟ್ಟ ತಕ್ಷಣ ಗಾಡಿ ಹತ್ತಲು ಬಿಡಬೇಡಿ. ಜ್ಯೂಸು, ಬಿಸ್ಕತ್ತು ಕೊಟ್ಟು ಕೂರಿಸಿ. ಊಟ ಮಾಡಿಕೊಂಡೇ ಹೋಗಲಿ. ಅದಕ್ಕೇ ಶಿಬಿರವನ್ನು ಊಟಕ್ಕೆ ಮೊದಲು, ತಿಂಡಿಯಾದ ಮೇಲೆ ಇಡುವುದು.

ಹಿರಿಯರಿಗೆ ಉಚಿತ ಸವಾರಿ

ಹಾಲಿನ ಅಭಿಷೇಕಕ್ಕೆ ನಾನು ವಿರೋಧ. ಅದೇ ದುಡ್ಡಿನಲ್ಲಿ ಇದನ್ನು ಮಾಡಬಹುದು. ಬೆಳಗ್ಗೆ 10ರಿಂದ 4ರವರೆಗೆ ಹಿರಿಯ ನಾಗರಿಕರಿಗೆ, ಬಸುರಿ ಹೆಂಗಸರಿಗೆ 2 ಕಿಲೋಮೀಟರ್ ಒಳಗೆ ದುಡ್ಡಿಲ್ಲ. ಮಿತಿ ಹಾಕಲೇಬೇಕು. ಮೊದಲ ವರ್ಷ ಮಿತಿ ಇಲ್ಲದೆ ಬೋರ್ಡ್ ಹಾಕಿ, ಒಬ್ಬ ಯಜಮಾನರು ಕೆಂಗೇರಿಗೆ ಬಿಡಪ್ಪ ಅಂದರು. ಹುಡುಗ ಪಾಪ ಬಿಟ್ಟು ಬಂದ. 2025ರ ಆಗಸ್ಟ್‌ನಿಂದ ಬೆಂಗಳೂರಿನಲ್ಲಿ ಮೊದಲ 2 ಕಿಲೋಮೀಟರಿಗೆ 36 ರೂಪಾಯಿ. 20 ಗಾಡಿ, ಗಾಡಿಗೆ ಎರಡು ಸವಾರಿ ಅಂದರೂ 1,440 ರೂಪಾಯಿ. ಇಡೀ ಏರಿಯಾದಲ್ಲಿ ಒಂದು ತಿಂಗಳು ಅದೇ ಮಾತು. ಮೀಟರ್ ಹಾಕಿಯೇ ಹೋಗಿ, ಇಳಿಯುವಾಗ ಬೇಡ ಅನ್ನಿ. ಆಗ ಅವರಿಗೂ ಎಷ್ಟು ಉಳಿಯಿತು ಅಂತ ಕಾಣುತ್ತದೆ.

ಆ ದಿನ

ಪೂಜೆಗೆ ಗಾಡಿಗಳನ್ನು ತೊಳೆದು, ಬಾಳೆಕಂದು, ಚೆಂಡುಹೂ ಕಟ್ಟಿ ಸಾಲಾಗಿ ನಿಲ್ಲಿಸಿ. ರಸ್ತೆಯ ಒಂದೇ ಬದಿ. ಆಂಬುಲೆನ್ಸ್ ಬಂದರೆ ಜಾಗ ಇರಬೇಕು. ಚಕ್ರಕ್ಕೆ ನಿಂಬೆಹಣ್ಣು ಇಡುವವರು ಇಟ್ಟುಕೊಳ್ಳಲಿ.

ಅತಿಥಿ ಕರೆಯುವುದಾದರೆ ಒಬ್ಬರೇ ಸಾಕು. ರಾಜಕೀಯದವರನ್ನು ಕರೆದರೆ 11ಕ್ಕೆ ಅಂದವರು 2ಕ್ಕೆ ಬರುತ್ತಾರೆ, ಪಲಾವ್ ತಣ್ಣಗಾಗುತ್ತದೆ. ನಾವು ಎರಡು ವರ್ಷದಿಂದ ಏರಿಯಾದಲ್ಲಿ ರಿಟೈರ್ ಆದ ಡ್ರೈವರ್ ಒಬ್ಬರನ್ನು ಕರೆದು ಶಾಲು ಹೊದಿಸುತ್ತಿದ್ದೇವೆ. ಮಾತಿಗೆ ಐದು ನಿಮಿಷ. ಅವರು ಅರ್ಧ ಗಂಟೆ ಮಾತಾಡಿದರೂ ಯಾರೂ ಎದ್ದು ಹೋಗುವುದಿಲ್ಲ, ಯಾಕೆಂದರೆ ಮೊದಲ ದಿನ ಮೊದಲ ಆಟ ನೋಡಿದ ಕಥೆ ಅದು.

ಸಿನಿಮಾ ಹಾಕಬೇಕು ಅಂತ ಹುಡುಗರು ಪ್ರೊಜೆಕ್ಟರ್ ತಂದಿಡುತ್ತಾರೆ. ಹಕ್ಕು ಇರುವವರ ಒಪ್ಪಿಗೆ ಇಲ್ಲದೆ ಹಾಗೆ ಬೀದಿಯಲ್ಲಿ ತೋರಿಸುವಂತಿಲ್ಲ. ಹಗಲಿನಲ್ಲಿ ಏನೂ ಕಾಣುವುದೂ ಇಲ್ಲ. ಅದರ ಬದಲು ಬೋರ್ಡಿನ ಮುಂದೆ ರಸಪ್ರಶ್ನೆ ಇಡಿ. ಮಕ್ಕಳು ಬರುತ್ತಾರೆ. ಗೆದ್ದವರಿಗೆ ನೋಟ್‌ಬುಕ್, ಪೆನ್ನು.

ಊಟಕ್ಕೆ ಪಲಾವ್, ಮೊಸರುಬಜ್ಜಿ, ಕೇಸರಿಬಾತ್. ನೂರು ಜನಕ್ಕೆ ಅಕ್ಕಿ 10 ಕೆ.ಜಿ. ಅಂತ ಲೆಕ್ಕ, ಆದರೆ 12 ಹಾಕಿ. ದಾರಿಯಲ್ಲಿ ಹೋಗುವವರೂ ನಿಲ್ಲುತ್ತಾರೆ, ನಿಲ್ಲಲಿ. ಅಡಿಕೆ ತಟ್ಟೆ ತನ್ನಿ.

ಮಾರನೇ ದಿನ

ರಾತ್ರಿಯೇ ತೋರಣ ಬಿಚ್ಚಿ, ಕಸ ಗುಡಿಸಿ. ಬೆಳಗ್ಗೆ ಪೌರಕಾರ್ಮಿಕ ಅಕ್ಕ ಬಂದು ನಮ್ಮ ತಟ್ಟೆ ಬಳಿಯಬಾರದು. ಅವರಿಗೂ ಒಂದು ಡಬ್ಬಿ ಊಟ ಎತ್ತಿಟ್ಟಿರಿ. ಎರಡು ದಿನದೊಳಗೆ ಲೆಕ್ಕ ಬರೆದು, ಬಿಲ್ಲುಗಳ ಫೋಟೋ ಸಮೇತ ಗ್ರೂಪಿಗೆ ಹಾಕಿ.

ದುಡ್ಡು ಉಳಿದರೆ ಹತ್ತು ಜನಕ್ಕೆ ರಂಗಶಂಕರದಲ್ಲಿ ನಾಟಕದ ಟಿಕೆಟ್ ತೆಗೆಯಿರಿ. ನಾವು ಹೋದಾಗ ಮೂವರು ತಡವಾಗಿ ಬಂದರು, ಒಳಗೆ ಬಿಡಲಿಲ್ಲ. ಅಲ್ಲಿ ನಾಟಕ ಶುರುವಾದ ಮೇಲೆ ಯಾರಿಗೂ ಪ್ರವೇಶ ಇಲ್ಲ. ಟ್ರಾಫಿಕ್ ಇತ್ತು ಅಂದರಂತೆ ನಮ್ಮವರು. ಆಟೋದವರೇ ಹಾಗೆ ಹೇಳಿದರೆ ಹೇಗೆ ಅಂತ ಬಾಗಿಲಲ್ಲಿ ಇದ್ದ ಹುಡುಗಿ ನಕ್ಕಳಂತೆ.

ಇನ್ನು ಬೋರ್ಡ್ ಮತ್ತು ಕಟ್ಟು ಹಾಕಿಸಿದ ಫೋಟೋ. ಹಲಗೆಯನ್ನು ಪಂಕ್ಚರ್ ಅಂಗಡಿಯ ಹಿಂದೆ, ಟಾರ್ಪಾಲ್ ಸುತ್ತಿ ಇಡುತ್ತೇವೆ. ಫೋಟೋ ಮಾತ್ರ ಪ್ರತಿ ವರ್ಷ ಒಬ್ಬೊಬ್ಬರ ಮನೆಗೆ ಹೋಗುತ್ತದೆ, ಚೀಟಿ ಎತ್ತಿ. ಈ ವರ್ಷ ಆ ಹಚ್ಚೆ ಹುಡುಗನ ಮನೆಯಲ್ಲಿದೆ. ಅವನ ಅಮ್ಮ ದೇವರ ಮನೆಯಲ್ಲೇ ಇಟ್ಟಿದ್ದಾರಂತೆ, ನವೆಂಬರ್‌ಗೆ ವಾಪಸ್ ಕೊಡುವುದು ಅನುಮಾನ ಅನ್ನುತ್ತಿದ್ದಾನೆ.